ಗಾಳಿ ಹೋಯ್ತೆ?

ಬೈತಖೋಲದ ಧಕ್ಕೆಯಲ್ಲಿ ನಲವತ್ತು ವರ್ಷ
ಕೇಳುತ್ತಿದ್ದವನು ನಾನು:
ಗಾಳಿ ಹೇಗಿದೆ? ಯಾವ ಕಡೆಯದು? ಇಳಿಯಿತೇ?
ಈಗ ಕಾರವಾರದ ಆಸ್ಪತ್ರೆಯ ಎರಡನೇ ಮಹಡಿ,
ಒಂಬತ್ತನೇ ಮಂಚ.
ಬಂದವರೆಲ್ಲ ನನ್ನ ಹೊಟ್ಟೆ ನೋಡಿ ಕೇಳುತ್ತಾರೆ,
'ಗಾಳಿ ಹೋಯ್ತೆ, ತಾಂಡೇಲರೇ?'

ಗೇಣು ಕರುಳು ಕತ್ತರಿಸಿ ತುದಿಗೆ ತುದಿ ಹೊಲಿದಿದ್ದಾರೆ.
ಹರಿದ ಬಲೆ ಹೆಣೆದವನು ನಾನು,
ಗಂಟು ಹಾಕಿದ ಮೇಲೆ ಬಲೆಯನ್ನು ಮರಳ ಮೇಲೆ
ಸುಮ್ಮನೆ ಬಿಡುತ್ತೇವೆ.
ಇವರು ಬಿಡಲಿಲ್ಲ.

ಅಪ್ಪನನ್ನು ಬಿಟ್ಟಿದ್ದರು. ಒಂಬತ್ತು ದಿನ ಅಂಗಾತ,
ಮೂಗಿಗೆ ನಳಿಗೆ, ತುಟಿಗೆ ಒದ್ದೆ ಹತ್ತಿ.
ಹತ್ತನೆಯ ದಿನ ಎದ್ದಾಗ
ಕಾಲುಗಳು ಅವನ ಮಾತು ಮರೆತಿದ್ದವು.

ನನಗೋ, ಕೊಯ್ಯುವ ದಿನವೇ ಬೆಳಗಿನ ಜಾವ
ಸಿಹಿನೀರು ಕುಡಿಸಿದರು.
ಮುನೀರಾ ಡಾಕ್ಟರು ಬೆನ್ನಿಗೆ ಸೂಜಿಯಿಟ್ಟು
'ನೋವು ನನ್ನ ಪಾಲು, ನಡೆಯುವುದು ನಿಮ್ಮ ಪಾಲು' ಅಂದರು.
ಅದೇ ಸಂಜೆ ಮಾಬ್ಲನೆಂಬ ಹುಡುಗ ಬಂದು
ಮೂರು ಗುಂಡಿನ ಪೆಟ್ಟಿಗೆ ಕೈಗಿತ್ತ:
ಎಳೀರಿ ಉಸಿರು, ನೀಲಿ ಗುಂಡು ಏಳಲಿ.
ಎದ್ದದ್ದು ಗುಂಡಲ್ಲ, ನಾನು.
ಅವನ ಭುಜ ಹಿಡಿದು ನಾಲ್ಕು ಹೆಜ್ಜೆ,
ಬಿರುಗಾಳಿಯಲ್ಲಿ ದೋಣಿಯ ಅಂಚಿನ ಮೇಲೆ ನಡೆದ ಹಾಗೆ.

ಮಂಚದ ಕಾಲಿಗೆ ಒಂದು ಹಾಳೆ.
ಹೋಗುವವರು ಬರೆದು ಹೋಗುತ್ತಾರೆ,
ಬರುವವರು ಓದಿ ಬರುತ್ತಾರೆ.
ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಕೇಳುವುದಿಲ್ಲ,
ಗಾಳಿಯೊಂದನ್ನು ಬಿಟ್ಟು.
ಅಕ್ಷರ ಬಾರದ ನನ್ನ ಶೇವಂತಿಗೂ
ಅದರಲ್ಲಿ ಒಂದು ಮನೆ ಕೊಟ್ಟಿದ್ದಾರೆ:
ನಾನು ಓಣಿ ಸುತ್ತಿದಷ್ಟು ಸಲ
ಮೀನಬುಟ್ಟಿ ಎಣಿಸುವಂತೆ ಅವಳು ಗೀಟೆಳೆಯಬೇಕು,
ನಾಲ್ಕು ನಿಂತವು, ಅಡ್ಡ ಒಂದು.
ಸರ್ಜನ್ ಸಾಹೇಬರು ಮೊದಲು ಅವಳ ಗೀಟು ನೋಡಿ
ಆಮೇಲೆ ನನ್ನ ಹೊಲಿಗೆ ನೋಡುತ್ತಾರೆ.

ಮೂರು ಹೊತ್ತು ಗಂಜಿ,
ನಡುನಡುವೆ ಚೂಯಿಂಗ್ ಗಮ್. ಈ ವಯಸ್ಸಿಗೆ!
ಕರುಳಿಗೆ ಊಟ ಬಂತೆಂದು ಮೋಸ ಮಾಡಲಿಕ್ಕಂತೆ.
ಎಂಟನೇ ಮಂಚದ ಬೊಚ್ಚುಬಾಯಿಯ ಮುದುಕನಿಗೆ
ಅದನ್ನು ಕಂಡು ಹೊಟ್ಟೆಕಿಚ್ಚು.

ಮೂರನೇ ರಾತ್ರಿ ಓಣಿಯ ಕಿಟಕಿಯಲ್ಲಿ
ದೇವಗಡದ ದೀಪ ತಿರುಗುತ್ತಿತ್ತು,
ನಾನೂ.
ಹದಿನೇಳನೇ ಸುತ್ತಿಗೋ ಏನೋ
ಒಳಗೆ ಗುಡುಗು ಸರಿದು,
ಹೇಳಲು ನಾಚಿಕೆ,
ಪಶ್ಚಿಮದಿಂದ ಸಣ್ಣಗೆ ಬೀಸಿತು.

ಶೇವಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.
ಎಸ್ಪೆರಾನ್ಸ ಸಿಸ್ಟರ್ ಮಾತ್ರ ನಗದೆ
ಗಡಿಯಾರ ನೋಡಿ, ಪೆನ್ನು ಕೊಡವಿ
ಹಾಳೆಯಲ್ಲಿ ಬರೆದಳು:
ನಾಲ್ಕು ಗಂಟೆ ಹತ್ತು ನಿಮಿಷ.

ದೋಣಿ ಬಿಡುವ ಹೊತ್ತು.