ಲಿಗೋರಿ ಟೈಲರರ ಸ್ಲೇಟು

ಕಂಕನಾಡಿ ಮಾರ್ಕೆಟಿನ ಹಿಂದೆ, ಬಾಗಿಲಿಗೆ ತೂಗುವ ಸ್ಲೇಟಿನಲ್ಲಿ
ಬಟ್ಟೆಗೆ ಗುರುತು ಹಾಕುವ ಸುಣ್ಣದಲ್ಲೇ
ದಿನಕ್ಕೊಂದು ದೇಶ ಕೇಳುತ್ತಾರೆ ಲಿಗೋರಿ.
ನದಿಯೇ ಇಲ್ಲದ ದೇಶ ಯಾವುದು?
ಅದರಡಿ ಸಣ್ಣಕ್ಷರದಲ್ಲಿ: ನಳ್ಳಿ ಬಂದಿಲ್ಲ,
ಫ್ಲೋಸಿ ಬಾವಿಗೆ ಹೋಗಿದ್ದಾಳೆ, ಬ್ಲೌಸ್ ನಾಳೆ.

ಎರಡು ಗಡಿ ದಾಟದೆ ಕಡಲು ಸಿಗದ್ದು ಯಾವುದು
ಎಂದು ಯೋಚಿಸುತ್ತಾ ಒಮ್ಮೆ
ಪಂಪ್‌ವೆಲ್‌ವರೆಗೂ ಹೋಗಿಬಿಟ್ಟಿದ್ದೆ ಬಸ್ಸಿನಲ್ಲಿ.

ಇವತ್ತು: ಇನ್ನೊಂದು ದೇಶದ ಹೊಟ್ಟೆಯೊಳಗೇ ಇರುವ ದೇಶ?
ಅಡಿಯಲ್ಲಿ ಏನೂ ಇಲ್ಲ.
ಬರೆದು ಉಜ್ಜಿದ ಒದ್ದೆ ಗುರುತು.
ಲೆಸೋಥೊ, ಎಂದೆ ಇಣುಕಿ.
ಹಾಂ, ಸರಿ ಉಂಟು, ಎಂದರು ತಲೆಯೆತ್ತದೆ.
ಸೂಜಿ ಒಂದೇ ಕಡೆ ಹೊಲಿಯುತ್ತಿತ್ತು.

ಫ್ಲೋಸಿಯ ಸ್ಕ್ಯಾನಿಂಗ್ ಬಂತು ಮಾರಾಯ್ರೆ,
ಲಿಂಬೆಯಷ್ಟು ಉಂಟಂತೆ.

ನಾಳೆಯದ್ದು ಸುಲಭ ಕೇಳ್ತೇನೆ.