ಚೀಟಿ ಅಂಗೈ ಕಡೆಗೆ

ಸೋಹಾರ್ ಬಂದರಿನ ಬೇಲಿಯಾಚೆ, ನೀರು ಪರೀಕ್ಷೆಯ ಲ್ಯಾಬಿನಲ್ಲಿ
ನನ್ನ ಕೆಲಸ ಇಷ್ಟೇ: ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ
ಸುರಿಯುವುದು, ಹೆಸರು ಬರೆಯುವುದು.
ಹದಿನಾಲ್ಕು ವರ್ಷವಾಯಿತು. ಗಂಗೊಳ್ಳಿಯಲ್ಲಿ ಯಾರಾದರೂ ಕೇಳಿದರೆ
‘ಕೆಮಿಕಲ್ ಲೈನು’ ಅಂದುಬಿಡುತ್ತೇನೆ.

ಖಮೀಸ್ ಬಲೂಶಿ ಮೊದಲ ದಿನ ಕಲಿಸಿದ್ದು ಒಂದೇ:
ಸುರಿಯುವಾಗ ಚೀಟಿ ಅಂಗೈ ಕಡೆಗಿರಲಿ,
ಅಂಚಿನಿಂದ ಜಾರಿದ ಹನಿ ಅಕ್ಷರ ತಿನ್ನದ ಹಾಗೆ.
ಅವನ ಹಿಂದಿಯಲ್ಲಿ ಅರ್ಧ ಬಲೂಚಿ, ನನ್ನದರಲ್ಲಿ ಅರ್ಧ ಕೊಂಕಣಿ;
ಬಾಟಲಿ ಕೈಯಿಂದ ಕೈಗೆ ದಾಟಿ ಪಾಠ ಮುಗಿಯಿತು.

ಕೆಂಪು ಚೌಕದೊಳಗಿನ ಚಿತ್ರಗಳನ್ನೂ ಕಲಿತೆ.
ಬೆಂಕಿ ಸರಿ, ತಲೆಬುರುಡೆ ಸರಿ,
ಬೋಳು ಮರದ ಪಕ್ಕ ಸತ್ತ ಮೀನು ಮಾತ್ರ
ಅಪಾಯ ಅಂತ ತಲೆಗೆ ಹೋಗಲು ವಾರ ಹಿಡಿಯಿತು.
ಖಾರ್ವಿಗಳ ಮನೆಯಲ್ಲಿ ಸತ್ತ ಮೀನೆಂದರೆ
ಮಧ್ಯಾಹ್ನದ ಊಟ.

ಆಗಸ್ಟಿನ ಒಂದು ದಿನ. ಗಾಳಿ
ಹಿಂಡದ ಬಟ್ಟೆಯಂತೆ ಮುಖಕ್ಕೆ ಅಂಟುತ್ತಿತ್ತು.
ಉಳಿದ ಆಸಿಡ್ಡನ್ನು ನಾನು, ನಾನೇ,
ಕುಡಿಯುವ ನೀರಿನ ಖಾಲಿ ಬಾಟಲಿಗೆ ಹಾಕಿ,
ಪೆನ್ನು ಹುಡುಕಿ, ಸಿಗದೆ,
ಊಟ ಮುಗಿಸಿ ಬಂದು ಬರೆದರಾಯ್ತು ಅಂದುಕೊಂಡೆ.

ಟ್ಯಾಂಕು ತೊಳೆದು ಬಂದ ಮೊಫಿಜುಲ್
ಮುಚ್ಚಳ ತಿರುಗಿಸಿ, ಬಾಯಿಗೆ ಎತ್ತಿ—
ನಾನು ಬರೆಯದ್ದನ್ನು ಅವನ ಮೂಗು ಓದಿತು.
ಓದುವಷ್ಟರಲ್ಲಿ ಒಂದು ಹನಿ ಕೆಳತುಟಿಯ ಮೇಲಿತ್ತು.
ನಲ್ಲಿಯಡಿ ಅವನ ತಲೆ ಹಿಡಿದು ನಿಂತೆ
ಕಾಲು ಗಂಟೆ, ಅಥವಾ ಇನ್ನೂ ಹೆಚ್ಚು;
ಇಬ್ಬರೂ ನೆನೆದಿದ್ದೆವು, ಇಬ್ಬರೂ ಮಾತಾಡಲಿಲ್ಲ.

ಖಮೀಸ್ ಕೇಳಿದಾಗ ಅವನು ‘ಶೇವಿಂಗು’ ಅಂದ.
ಫಾರಂ ತುಂಬಿದರೆ ಕೆಲಸ ಹೋದೀತೆಂದು ಅವನಿಗೆ.
ನನಗೂ. ನಾನು ಸುಮ್ಮನಿದ್ದೆ.
ಅದಕ್ಕೆ ಇನ್ನೂ ಚೀಟಿ ಅಂಟಿಸಿಲ್ಲ.

ಆಮೇಲಿಂದ ಹೆಸರು, ಎಷ್ಟು ಗಾಢ, ಯಾವ ತಾರೀಕು,
ಸುರಿದವನು ಯಾರು, ಎಲ್ಲ ಬರೆದು, ಮೇಲೆ ಟೇಪು ಎಳೆಯುತ್ತೇನೆ;
ಅಸಿಟೋನು ಬೆರಳಿಗೆ ಹತ್ತಿದ್ದರೆ ಮಾರ್ಕರಿನ ಶಾಯಿ ಉಳಿಯುವುದಿಲ್ಲ.
ಖಾಲಿಯಾದುದರ ಹೆಸರಿಗೆ ಅಡ್ಡಗೆರೆ.
ಭಟ್ಟಿ ಇಳಿಸಿದ ನೀರಿಗೂ ‘ನೀರು’ ಅಂತ ಬರೆದದ್ದು ನೋಡಿ
ಲ್ಯಾಬಿನ ಹುಡುಗರು ನಗುತ್ತಾರೆ. ನಗಲಿ.

ಮೊನ್ನೆ ವೀಡಿಯೊ ಕಾಲಿನಲ್ಲಿ ಸುಗಂಧಿಯ ಬೆನ್ನ ಹಿಂದೆ
ಕಿಟಕಿಯ ದಂಡೆ ಮೇಲೆ ಕಿತ್ತಳೆ ಜ್ಯೂಸಿನ ಬಾಟಲಿ.
ಒಳಗಿರುವುದು ಜ್ಯೂಸಿನ ಬಣ್ಣವಲ್ಲ.
‘ಅದಾ? ಸ್ಕೂಟರಿನವನು ಕೊಟ್ಟ ಪಾಯಿಖಾನೆಯ ಆಸಿಡ್ಡು.
ಎಲ್ಲರಿಗೂ ಗೊತ್ತುಂಟು ಮಾರಾಯ್ರೆ.’

ಹೌದು, ಇಲ್ಲಿಯೂ ಎಲ್ಲರಿಗೂ ಗೊತ್ತಿತ್ತು,
ಬಾಯಾರಿದ ಒಬ್ಬನನ್ನು ಬಿಟ್ಟು.

ನಾನು ಕಿರುಚಿದೆನಂತೆ. ಅವಳು ಫೋನಿಟ್ಟಳು.
ರಾತ್ರಿ ಮಗಳು ಫೋಟೊ ಕಳಿಸಿದ್ದಳು:
ಬಾಟಲಿ ಬಚ್ಚಲಿನ ಮೇಲಿನ ಅಟ್ಟಕ್ಕೆ ಹೋಗಿದೆ,
ಅದರ ಹೊಟ್ಟೆಗೆ ನೋಟ್‌ಬುಕ್ಕಿನ ಹಾಳೆ, ಒಂದು ತಲೆಬುರುಡೆ,
ಅದರ ಹಣೆಗೆ ಬೊಟ್ಟು ಬೇರೆ. ಕೆಳಗೆ
‘ಇದು ಜ್ಯೂಸ್ ಅಲ್ಲ. ಅಪ್ಪ ಹೇಳಿದ್ದು.’

ಮಾರನೇ ದಿನ ಮೊಫಿಜುಲ್‌ಗೆ ತೋರಿಸಿದೆ.
ನಕ್ಕ. ನಕ್ಕಾಗ ತುಟಿಯ ಮೇಲಿನ ಸಾಸಿವೆಯಷ್ಟು ಬಿಳುಪು ಹಿಗ್ಗಿತು.
‘ನೀರಲ್ಲ’ ಅನ್ನುವುದನ್ನು ನಿನ್ನ ಅಕ್ಷರದಲ್ಲಿ
ಹೇಗೆ ಬರೆಯುವುದು, ಕಲಿಸು ಎಂದೆ.
ಹತ್ತಿರ ಕಾಗದವಿರಲಿಲ್ಲ. ನನ್ನ ಕೈ ಎಳೆದು
ಅಂಗೈ ಮೇಲೆ ನಿಧಾನವಾಗಿ ಬರೆದ,
ಮೇಲೊಂದು ಗೆರೆ, ಅದಕ್ಕೆ ಜೋತುಬಿದ್ದ ಅಕ್ಷರಗಳು.
ಸಂಜೆಯವರೆಗೆ ಎಡಗೈ ತೊಳೆಯಲಿಲ್ಲ.