ಎಣಿಕೆ ವಹಿ

ತಿಂಗಳ ಕೊನೀ ಶನಿವಾರ
ರಂಗೀನ್ ಮಹಲಿನ ಕೀಲಿ ತೆಗೆದು
ಬ್ಯಾಟರಿ ಹಿಡಿದು ಚಿಪ್ಪು ಎಣಸ್ತೀನಿ.
ಕರೀ ಕಲ್ಲಿನಾಗ ಕೂಡಿಸಿದ ಸಮುದ್ರದ ಚಿಪ್ಪು,
ಉಗುರಿನಷ್ಟು ಕೆಲವು, ಅಕ್ಕಿಕಾಳಿನಷ್ಟು ಕೆಲವು.
ಇದ್ದದ್ದಕ್ಕ ಗೆರಿ,
ಯಾರೋ ಚಾಕುಲೆ ಕಿತ್ತು ಒಯ್ದದ್ದಕ್ಕ ಸೊನ್ನಿ.

ಗಿಣಿಗೆ ವಹಿ ಇಲ್ಲ.
ಹೊರಗ ಕಿಲ್ಲಾದ ಗ್ವಾಡಿ ತೂತಿನಾಗ
ಎಷ್ಟವ ಅಂತ ಯಾವ ಸಾಹೇಬನೂ ಕೇಳಿಲ್ಲ.
ಅವು ಒಳಗ ಬರಬಾರದು ಅಂತ
ಜಾಳಿಗಿ ಬಿಗಿಯೋದೂ ನನ್ನದೇ ಕೆಲಸ.
ಪಗಾರ ಒಂದೇ.

ಚಿಪ್ಪಿನದು ಎರಡು ಕದದ ಮನಿ.
ಜೀವ ಇದ್ದಾಗ ಒಳಗಿನಿಂದ ಬಿಗಿಹಿಡಿದು
ನೀರು ತಂದದ್ದೇ ಊಟ ಅಂತ ಉಂಡಿರಬೇಕು.
ಗಿಣಿ ನೋಡ್ರಿ, ಒಂದು ಕಡ್ಡಿ ಕಟ್ಟಲಾರದ್ದು,
ಹಿಂದಿನವರು ಬಿಟ್ಟ ಕಿಂಡಿ ಹಿಡಕೊಂಡು
ಕೊಕ್ಕಿಗೆ ಹಸಿ ತೊಗರಿ ಮೆತ್ತಿಕೊಂಡು
ಊರಿಗೆಲ್ಲಾ ಕೇಳೋಹಂಗ ಜಗಳ ತೆಗೀತದ.
ಮ್ಯಾಲೆ ಟ್ರೇನಿಂಗ್ ವಿಮಾನ ಹೋದರ
ಅದರ ಕೂಡನೂ ಜಗಳ.

ಆದರ ಒಂದು ಮಾತು:
ಕೆಸರಿನಾಗ ಮಿಸುಕದೇ ಕುಂತದ್ದು
ಘಾಟ ಹತ್ತಿ ಬೀದರಿಗೆ ಬಂತು.
ರೆಕ್ಕಿ ಇದ್ದದ್ದು
ಸಂಜಿಗೆ ಮತ್ತದೇ ತೂತಿಗೆ ಬರ್ತದ.

ಔರಾದ ಕಡೀ ಸಾಲಿ ಹುಡುಗರು ಬಂದಿದ್ದರು.
ನೀಲಾಂಬಿಕಾ ಅಂತ ಒಂದು ಪೋರಿ,
ಮೂಗಿಗೆ ನೆಗಡಿ, ಕೈಯಾಗ ಪೇರಲಹಣ್ಣು.
‘ಕಾಕಾ, ಇದು ಯಾವ ಬಣ್ಣ?’
ಬಿಳಿ, ಅಂದೆ.
ಒಂದು ಹೆಜ್ಜಿ ಸರಿದಳು. ‘ಅಲ್ಲ, ಗುಲಾಬಿ.’
ಮತ್ತೊಂದು ಹೆಜ್ಜಿ. ‘ಈಗ ಗಿಣಿ ಬಣ್ಣ!’
ಮಾಸ್ತರು ನಕ್ಕರು:
ಇದು ಬಳದ ಬಣ್ಣ ಅಲ್ಲ, ಪದರಿನಾಗ ಹೊಕ್ಕು
ಹೊಳ್ಳಿ ಬಂದ ಬೆಳಕು.
ಗಿಣಿ ರೆಕ್ಕಿ ಹಸರಿನಾಗೂ ಅರ್ಧ ಹಂಗೇ ಅಂತ.
ನಾ ಸುಮ್ಮನಾದೆ.
ಹಂಗಾದರ ವಹಿಯಾಗ
ಇಷ್ಟು ವರ್ಷ ‘ಬಿಳಿ’ ಅಂತ ಬರದೀನಲ್ಲ.

ಅವರು ಹೋದ ಮ್ಯಾಲೆ ಬಾಗಿಲು ಮುಂದ ಮಾಡಿ
ಗ್ವಾಡಿಗೆ ಕಿವಿ ಹಚ್ಚಿದೆ.
ಶಂಖದಾಗ ಸಮುದ್ರ ಕೇಳ್ತದ ಅಂತಾರ;
ನಾ ಸಮುದ್ರ ಕಂಡವನಲ್ಲ,
ಇದು ಶಂಖನೂ ಅಲ್ಲ.
ಚಿಪ್ಪು ಕಿವಿಗೆ ತಣ್ಣಗ ಹತ್ತಿತು.
ಕಲ್ಲಿನ ಆಚೆ ಕಡೀಲಿಂದ
ಗರಗರ, ಗರಗರ.
ಗಿಣಿ ತತ್ತಿ ಹೊಳ್ಳಸ್ತಿತ್ತೋ,
ಉಗುರು ಕೆರಕೋತಿತ್ತೋ.

ಎಷ್ಟಕ್ಕ ನಿಂತಿದ್ದೆ?
ನೂರಾ ಹದಿನಾಲ್ಕೋ, ಹದಿನೈದೋ.
ಬ್ಯಾಟರಿ ಬೆಳಕು ಹಳದಿ ಆಗಲಿಕ್ಕೆ ಹತ್ತಿತ್ತು.
ಮತ್ತ ಬಾಗಿಲ ಕಡೀಲಿಂದ,
ಒಂದು.